ಆಪ್ತಸಲಹೆ ಪ್ರಕರಣ: ಸಾಕ್ಷಿ ಹೇಳಿದ ಮೇಲೆ ಮರಳಿ ಬಂದ ಫಿಟ್ಸ್

(ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಾಯಿ, ಮಗಳು ಇಬ್ಬರ ಒಪ್ಪಿಗೆಯೂ ಇದೆ.)

ಹುಡುಗಿಗೆ 17 ವರ್ಷ, ಎರಡನೇ ಪಿಯುಸಿ. ಸರ್ಕಾರಿ ಆಸ್ಪತ್ರೆಯ ವೈದ್ಯರು ಅವಳನ್ನೂ ತಾಯಿಯನ್ನೂ ನನ್ನ ಹತ್ತಿರ ಕಳಿಸಿದ್ದರು. ಮೂರ್ಛೆರೋಗ ಇದೆ, ಮಾತ್ರೆ ನಿಲ್ಲಿಸಿದ್ದಾರೆ, ಮತ್ತೆ ಶುರು ಮಾಡಲು ತಾಯಿ ಒಪ್ಪುತ್ತಿಲ್ಲ ಎಂದು ಚೀಟಿಯಲ್ಲಿ ಬರೆದಿತ್ತು.

ಅವಳಿಗೆ ಮೊದಲ ಸಲ ಫಿಟ್ಸ್ ಬಂದದ್ದು 13ನೇ ವಯಸ್ಸಿನಲ್ಲಿ. ಮಾತ್ರೆ ಮೈಗೆ ಹಿಡಿದ ಮೇಲೆ ಒಂದೂವರೆ ವರ್ಷ ಒಮ್ಮೆಯೂ ಬಂದಿರಲಿಲ್ಲ. ಅಷ್ಟರಲ್ಲಿ ಅವರ ಚರ್ಚಿನ ಸಭೆಯಲ್ಲಿ ಸ್ವಸ್ಥತಾ ಕೂಟ, ಅಂದರೆ ರೋಗ ಗುಣವಾಗಲೆಂದು ಪ್ರಾರ್ಥಿಸುವ ಕೂಟ, ನಡೆಯಿತು. ಬೇರೆ ಊರಿಂದ ಬಂದಿದ್ದ ಬೋಧಕರೊಬ್ಬರು ಅವಳ ಹಣೆಗೆ ಎಣ್ಣೆ ಹಚ್ಚಿ, ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. "ಬಿಡುಗಡೆ ಆಗಿದೆ, ಇನ್ನು ಮಾತ್ರೆ ತಗೊಂಡರೆ ಅಪನಂಬಿಕೆ" ಎಂದರು. ಮುಂದಿನ ಭಾನುವಾರ ತಾಯಿ ಮೈಕ್ ಹಿಡಿದು, ದೇವರು ಮಗಳನ್ನು ಗುಣಮಾಡಿದರೆಂದು ಸಭೆಯ ಮುಂದೆ ಸಾಕ್ಷಿ ಹೇಳಿದರು. ಮಾತ್ರೆ ನಿಂತಿತು.

ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೊಂದು ಶುಕ್ರವಾರ ಹುಡುಗಿ ಉಪವಾಸವಿದ್ದು, ರಾತ್ರಿಯಿಡೀ ಪ್ರಾರ್ಥನೆಗೆ ಕೂತಿದ್ದಳು. ಬೆಳಗಿನ ಜಾವ ಫಿಟ್ಸ್ ಬಂತು. ಸುತ್ತಲಿದ್ದವರು ದೆವ್ವ ಎಂದುಕೊಂಡು ಕೈಕಾಲು ಅದುಮಿ ಹಿಡಿದರು, ಗದರಿಸುತ್ತಾ ಪ್ರಾರ್ಥಿಸಿದರು. ಭುಜದ ಕೀಲು ತಪ್ಪಿತು. ಆಸ್ಪತ್ರೆಗೆ ಸೇರಿಸಿದ್ದು ಅದಾದ ಮೇಲೆ.

ತಾಯಿ ಕೂತ ಕೂಡಲೇ ಕೇಳಿದರು, "ಮೇಡಂ, ನೀವು ವಿಶ್ವಾಸಿಯಾ?" ಸಾಮಾನ್ಯವಾಗಿ ನನ್ನ ಧರ್ಮದ ಮಾತು ನಾನು ಎತ್ತುವುದಿಲ್ಲ. ಆದರೆ ಇಲ್ಲಿ ಉತ್ತರ ಕೊಡದೆ ಮುಂದೆ ಹೋಗಲು ಆಗುತ್ತಿರಲಿಲ್ಲ. "ಹೌದಮ್ಮಾ, ನಾನೂ ಕ್ರೈಸ್ತಳೇ. ಕಾಯಿಲೆ ಬಂದಾಗ ಪ್ರಾರ್ಥನೆ ಮಾಡ್ತೇನೆ, ದೇವರು ಗುಣಮಾಡುತ್ತಾರೆ ಅಂತಲೂ ನಂಬ್ತೇನೆ. ನಿಮ್ಮ ನಂಬಿಕೆ ಬಿಡಿಸೋದು ನನ್ನ ಕೆಲಸ ಅಲ್ಲ" ಎಂದೆ. ಅವರ ಮುಖ ಸ್ವಲ್ಪ ಸಡಿಲವಾಯಿತು. ಅಲ್ಲಿಂದ ವಚನಗಳು ಒಂದರ ಹಿಂದೆ ಒಂದು ಬಂದವು. ಯೆಶಾಯ 53ರ "ಅವನ ಬಾಸುಂಡೆಗಳಿಂದ ನಮಗೆ ಗುಣವಾಯಿತು", ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆನ್ನುವ ಯಾಕೋಬನ ಪತ್ರದ 5ನೇ ಅಧ್ಯಾಯ. ನಾನು ಒಂದಕ್ಕೂ ಎದುರು ಮಾತಾಡಲಿಲ್ಲ. ವಚನಕ್ಕೆ ವಚನ ಎಸೆಯುತ್ತಾ ಕೂತರೆ ಅಲ್ಲಿ ಆಪ್ತಸಲಹೆ ಮುಗಿದ ಹಾಗೆ.

ಆಮೇಲೆ ಹುಡುಗಿಯ ಜೊತೆ ಒಬ್ಬಳೇ ಇದ್ದಾಗ ಮಾತಾಡಿದೆ. ಬಹಳ ಹೊತ್ತು ಸುಮ್ಮನಿದ್ದಳು. ಕೊನೆಗೆ ಒಂದು ಗುಟ್ಟು ಹೇಳಿದಳು. ಪರೀಕ್ಷೆಯ ವೇಳೆ ಹೆದರಿಕೆಯಾಗಿ, ಉಳಿದಿದ್ದ ಪಟ್ಟಿಯಿಂದ ಎರಡು ಮಾತ್ರೆ ಕದ್ದು ನುಂಗಿದ್ದಳಂತೆ. "ನಾನು ನಂಬಲಿಲ್ಲ ಅಂತಲೇ ದೇವರು ಸ್ವಸ್ಥತೆಯನ್ನ ವಾಪಸ್ ತಗೊಂಡರು. ಅಮ್ಮನಿಗೆ ಹೇಳಬೇಡಿ." ಮನೆಯಲ್ಲಿ ಯಾರದೋ ಅಪನಂಬಿಕೆ ಇದೆ ಎಂದು ಸಭೆಯಲ್ಲಿ ಯಾರೋ ಅಂದಿದ್ದರು. ಆ 'ಯಾರೋ' ತಾನೇ ಎಂದು ಈ ಮಗು ನಿದ್ದೆಗೆಟ್ಟು ಅಳುತ್ತಿತ್ತು. ಫಿಟ್ಸ್‌ಗಿಂತ ಈ ಅಪರಾಧಭಾವವೇ ಅವಳನ್ನು ಜಾಸ್ತಿ ತಿನ್ನುತ್ತಿತ್ತು.

ಅವಳಿಗೆ ನಾನು ನೇರವಾಗಿಯೇ ಹೇಳಿದೆ. ಒಂದೂವರೆ ವರ್ಷ ಫಿಟ್ಸ್ ಬರದಿದ್ದದ್ದು ಮಾತ್ರೆ ಕೆಲಸ ಮಾಡುತ್ತಿದ್ದರಿಂದ. ಈ ಮಾತ್ರೆ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮರಳಿ ಬರಬಹುದು, ಕೆಲವೊಮ್ಮೆ ಬಿಡದೆ ಬಂದು ಪ್ರಾಣಕ್ಕೇ ಕುತ್ತಾಗುತ್ತದೆ. ನಿದ್ದೆಗೇಡು ಫಿಟ್ಸನ್ನು ಎಬ್ಬಿಸುತ್ತದೆ, ಹೊಟ್ಟೆ ಖಾಲಿ ಇದ್ದರೆ ಕೆಲವರಿಗೆ ಇನ್ನೂ ಕಷ್ಟ. ಇದರಲ್ಲಿ ನಿನ್ನ ಮನಸ್ಸಿನ ನಂಬಿಕೆ ಎಷ್ಟಿತ್ತು ಎನ್ನುವ ಲೆಕ್ಕವೇ ಬರುವುದಿಲ್ಲ. ಅವಳು ಎರಡು ಸಲ ಕೇಳಿದಳು, "ನಿಜವಾಗ್ಲೂನಾ?"

ತಂದೆಯೂ ಒಮ್ಮೆ ಬಂದರು. ಲಾರಿ ಓಡಿಸುತ್ತಾರೆ, ಚರ್ಚಿಗೆ ಹೋಗುವುದು ಅಪರೂಪ. "ಇನ್ಮೇಲೆ ಆ ಕಡೆ ಕಾಲಿಟ್ಟರೆ ನೋಡು" ಎಂದು ಹೆಂಡತಿಗೆ ನನ್ನೆದುರೇ ಹೇಳಿದರು. ಹಾಗೆ ಮಾಡಬೇಡಿ ಎಂದು ಕೇಳಿಕೊಂಡೆ. ಅವರು ವಾರಗಟ್ಟಲೆ ಊರಲ್ಲಿ ಇರದಿದ್ದಾಗ ಈ ತಾಯಿಗೆ ಊಟ ಕೊಟ್ಟು, ಆಸ್ಪತ್ರೆಯಲ್ಲಿ ರಾತ್ರಿ ಜೊತೆಗಿದ್ದವರು ಅದೇ ಸಭೆಯ ಹೆಂಗಸರು. ಅದನ್ನು ಕಿತ್ತುಕೊಂಡರೆ ಅವರಿಗೆ ಬೇರೆ ಯಾರಿದ್ದಾರೆ?

ತಾಯಿಯನ್ನು ಹಿಡಿದಿಟ್ಟದ್ದು ಯಾವುದು ಎಂದು ನನಗೆ ಗೊತ್ತಾದದ್ದು ಎರಡನೇ ಭೇಟಿಯಲ್ಲಿ. ವಚನಗಳಲ್ಲ, ಬೋಧಕರ ಮಾತೂ ಅಲ್ಲ. "ಎಲ್ಲರ ಮುಂದೆ ನಿಂತು ದೇವರಿಗೆ ಮಹಿಮೆ ಕೊಟ್ಟೆ. ಈಗ ಮತ್ತೆ ಮಾತ್ರೆ ಕೊಟ್ಟರೆ ದೇವರನ್ನೇ ಸುಳ್ಳುಗಾರ ಮಾಡಿದ ಹಾಗೆ ಅಲ್ವಾ ಮೇಡಂ?" ಹೇಳಿದ ಸಾಕ್ಷಿಯನ್ನು ಹಿಂತೆಗೆದುಕೊಳ್ಳುವ ದಾರಿ ಅವರಿಗೆ ಕಾಣುತ್ತಿರಲಿಲ್ಲ. ಮಗಳ ಮಾತ್ರೆ ಆ ಮಾತಿನ ಹಿಂದೆ ಸಿಕ್ಕಿಹಾಕಿಕೊಂಡಿತ್ತು. ಮದ್ದು ಬಿಟ್ಟ ಎಷ್ಟೋ ಮನೆಗಳಲ್ಲಿ ನಾನು ಕಂಡಿರುವುದು ಇದೇ. ಅಂಥವರಿಗೆ ರೋಗದ ಬಗ್ಗೆ ಪಾಠ ಹೇಳಿದರೆ ಪ್ರಯೋಜನವಿಲ್ಲ. ಅವಮಾನವಾಗದೆ ಹಿಂದೆ ಬರಲು ಒಂದು ಬಾಗಿಲು ಬೇಕು.

ಆಗ ನಾನು ಲೂಕನ ಸುವಾರ್ತೆಯ ಒಂದು ಪ್ರಸಂಗ ನೆನಪಿಸಿದೆ. 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಯೇಸುವನ್ನು ಕೂಗಿ ಕರೆಯುತ್ತಾರೆ. ಹೋಗಿ ಯಾಜಕರಿಗೆ ಮೈ ತೋರಿಸಿ ಎಂದು ಯೇಸು ಕಳಿಸುತ್ತಾನೆ. ಗುಣವಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸಿ ಹೇಳುವ ಕೆಲಸ ಆಗ ಯಾಜಕರದ್ದು. "ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಯೇಸುವೇ ಹೇಳಿದಾರಲ್ಲಮ್ಮಾ. ನಾವು ತೋರಿಸೋ ಮೊದಲೇ ಸಾಕ್ಷಿ ಹೇಳಿಬಿಟ್ಟೆವು, ಅಷ್ಟೇ. ಅದರಿಂದ ದೇವರು ಸುಳ್ಳಾಗಲಿಲ್ಲ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾತಾಡಲಿಲ್ಲ.

ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕಿತ್ತು. ಹುಡುಗಿಗೆ 18 ತುಂಬಿಲ್ಲ. ಚಿಕಿತ್ಸೆ ನಿಂತೇ ಇದ್ದರೆ ಮಕ್ಕಳ ಕಲ್ಯಾಣ ಸಮಿತಿಗೆ ನಾನು ತಿಳಿಸಬೇಕಾಗಬಹುದು ಎಂದೆ. ಇದನ್ನು ಮೆಲ್ಲಗೆ ಹೇಳಿದೆ, ಆದರೆ ಮುಚ್ಚಿಡಲಿಲ್ಲ. ಆ ವಾರವೇ ವೈದ್ಯರು ಮಾತ್ರೆ ಮತ್ತೆ ಶುರು ಮಾಡಿದರು. ಹುಡುಗಿ ತನ್ನ ಗುಟ್ಟನ್ನು ತಾನೇ ಅಮ್ಮನಿಗೆ ಹೇಳಿದಳು. ತಾಯಿ ಬೈಯಲಿಲ್ಲ, ತಬ್ಬಿಕೊಂಡರು.

ತಾಯಿಗೆ ನಾನು ಕೊಟ್ಟ ಸಲಹೆ ಹೀಗಿತ್ತು. ಪ್ರಾರ್ಥನೆ ಬಿಡಬೇಡಿ, ಮಾತ್ರೆ ಕೊಡುವಾಗಲೂ ಪ್ರಾರ್ಥಿಸಿ. ಸ್ವಸ್ಥತೆ ಬೇಕೆಂದು ಬೇಡುತ್ತಲೇ ಇರಿ. ಆದರೆ ಮಾತ್ರೆಯನ್ನು ನಂಬಿಕೆಯ ಪರೀಕ್ಷೆ ಮಾಡಬೇಡಿ. ಫಿಟ್ಸ್ ಇಲ್ಲದೆ ಕನಿಷ್ಠ ಎರಡು ವರ್ಷ ಕಳೆದ ಮೇಲೆ ಮಾತ್ರೆ ಇಳಿಸುವ ಬಗ್ಗೆ ವೈದ್ಯರೇ ಯೋಚಿಸುವುದುಂಟು, ಅದೂ ತಿಂಗಳುಗಟ್ಟಲೆ ನಿಧಾನವಾಗಿ. ಕೇಳಿ, ಒತ್ತಾಯ ಮಾಡಬೇಡಿ. ಮಗಳಿಗೆ ಉಪವಾಸ ಬೇಡ, ರಾತ್ರಿಯಿಡೀ ಪ್ರಾರ್ಥನೆಯೂ ಬೇಡ. ಅವಳು ಮಲಗಿದಾಗ ನೀವು ಅವಳಿಗೋಸ್ಕರ ಪ್ರಾರ್ಥಿಸಬಹುದು.

ಅವರ ಒಪ್ಪಿಗೆ ಪಡೆದು ಸಭೆಯ ಪಾಸ್ಟರನ್ನೂ ಭೇಟಿಯಾದೆ. ಒಳ್ಳೆಯ ಮನುಷ್ಯ, ಹೆದರಿದ್ದರು. "ಹಾಗಾದ್ರೆ ಸ್ವಸ್ಥತೆಗೆ ಪ್ರಾರ್ಥನೆನೇ ಮಾಡಬಾರದಾ ಸಿಸ್ಟರ್?" ಎಂದು ಕೇಳಿದರು. ಮಾಡಿ ಎಂದೆ. ಆದರೆ ಅಪೊಸ್ತಲ ಪೌಲನ ಬಾಳನ್ನೂ ಪೂರ್ತಿ ಓದೋಣ. ಅವನ ಮೈಗೆ ತಾಗಿದ ಕರವಸ್ತ್ರದಿಂದಲೂ ರೋಗಿಗಳು ಗುಣವಾದರು ಎಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಅದೇ ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಅಸ್ವಸ್ಥನಾಗಿದ್ದಾಗಲೇ ಮಿಲೇತದಲ್ಲಿ ಬಿಟ್ಟು ಬಂದ. ಶಿಷ್ಯ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಬರೆದ. ಅವರಿಬ್ಬರ ನಂಬಿಕೆ ಕಡಿಮೆ ಎಂದು ಅವನು ಎಲ್ಲೂ ಹೇಳಲಿಲ್ಲ. ದೆವ್ವದ ಮಾತು ಬಂದಾಗ ಮತ್ತಾಯ 4:24 ತೆರೆದು ತೋರಿಸಿದೆ. ಅಲ್ಲಿ ದೆವ್ವಹಿಡಿದವರನ್ನೂ ಮೂರ್ಛಾರೋಗಿಗಳನ್ನೂ ಬೇರೆ ಬೇರೆಯಾಗಿಯೇ ಹೆಸರಿಸಿದೆ. ಅವರು ಅದನ್ನು ಹಾಗೆ ಗಮನಿಸಿರಲಿಲ್ಲ. ಇನ್ನೂ ಒಂದು ಮಾತು ಹೇಳಿದೆ. ಮೈಸೂರಿನ ಮಿಷನ್ ಆಸ್ಪತ್ರೆ 1906ರಿಂದ ಇದೆ, ವೆಲ್ಲೂರಿನದ್ದನ್ನು ಮಿಷನರಿ ವೈದ್ಯೆ ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಶುರು ಮಾಡಿದರು. ಪ್ರಾರ್ಥಿಸುವ ಜನರೇ ಕಟ್ಟಿದ ಆಸ್ಪತ್ರೆಗಳಲ್ಲಿ ಸಿಗುವ ಮಾತ್ರೆ ಅಪನಂಬಿಕೆ ಹೇಗಾದೀತು?

ಪಾಸ್ಟರ್ ಎರಡು ವಿಷಯಕ್ಕೆ ಒಪ್ಪಿದರು. ವೈದ್ಯರು ಹೇಳದೆ ಯಾರೂ ಮಾತ್ರೆ ನಿಲ್ಲಿಸಬಾರದು ಎಂದು ಸಭೆಗೆ ತಿಳಿಸುವುದು. ಕಾಯಿಲೆ ಹೋಯಿತು ಎನ್ನುವ ಸಾಕ್ಷಿಗೆ ಮೊದಲು ತಪಾಸಣೆ ಆಗಿದೆಯಾ ಎಂದು ಕೇಳುವುದು. ಆ ಬೋಧಕರನ್ನು ಮತ್ತೆ ಕರೆಸಬೇಡಿ ಎನ್ನುವ ನನ್ನ ಮಾತಿಗೆ ಮಾತ್ರ ಉತ್ತರ ಕೊಡಲಿಲ್ಲ. ಅದು ನನಗೆ ಇನ್ನೂ ಕಳವಳದ ವಿಷಯ.

ಯುವಕರ ಕೂಟದಲ್ಲಿ ಫಿಟ್ಸ್ ಬಂದಾಗ ಏನು ಮಾಡಬೇಕೆಂದು ಹೇಳಿಕೊಡಲು ಅವಕಾಶ ಕೊಟ್ಟರು. ಅದುಮಿ ಹಿಡಿಯಬೇಡಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ತಲೆಗೆ ಪೆಟ್ಟಾಗದಂತೆ ಮೆತ್ತಗಿನದ್ದು ಇಡಿ, ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಜೊತೆಗೆ ಪ್ರಾರ್ಥನೆ ಮಾಡಬೇಕೆನಿಸಿದರೆ ಮೆಲ್ಲನೆ ಮಾಡಿ, ಎಚ್ಚರವಾಗುವಾಗ ಹೆದರಿಕೆಯಾಗಬಾರದು.

ತಾಯಿ ತಮ್ಮ ಹಳೆಯ ಸಾಕ್ಷಿಯ ಬಗ್ಗೆ ಸಭೆಯ ಮುಂದೆ ಮತ್ತೆ ಮಾತಾಡುತ್ತಾರೋ ಇಲ್ಲವೋ ಇನ್ನೂ ತೀರ್ಮಾನಿಸಿಲ್ಲ. ನಾನು ಒತ್ತಾಯಿಸಿಲ್ಲ. ಹುಡುಗಿ ಈಗ ಒಬ್ಬಳೇ ಬರುತ್ತಾಳೆ. ಮುಂದಿನ ವರ್ಷ ಹಾಸ್ಟೆಲ್ ಸೇರಬೇಕಂತೆ, ರೂಮಿನವರಿಗೆ ತನ್ನ ಕಾಯಿಲೆಯ ವಿಷಯ ಯಾವಾಗ, ಹೇಗೆ ಹೇಳುವುದು ಎಂದು ನಾವಿಬ್ಬರೂ ಮಾತಾಡುತ್ತಿದ್ದೇವೆ.