ಮತ್ತೆ ಒಂದನೇ ಇಯತ್ತೆಯಲ್ಲೇ ಕೂರಿಸಲೇ?

ಪ್ರಶ್ನೆ: ನಾವು ವಿಜಯಪುರ ಕಡೆಯವರು, ಪಿಂಪ್ರಿ-ಚಿಂಚವಾಡದಲ್ಲಿದ್ದೇವೆ. ಮಗ ಹುಟ್ಟಿದ್ದು 2019ರ ಡಿಸೆಂಬರ್ 18. ಇಂಗ್ಲಿಷ್ ಮಾಧ್ಯಮದಲ್ಲಿ ಒಂದನೇ ಇಯತ್ತೆ ಮುಗಿಯುತ್ತಾ ಬಂತು, ವರ್ಗದಲ್ಲಿ ಇವನೇ ಎಲ್ಲರಿಗಿಂತ ಚಿಕ್ಕವ. ಬೋರ್ಡಿನ ಮೇಲಿನದನ್ನು ಅರ್ಧ ಬರೆಯುವಷ್ಟರಲ್ಲಿ ಟೀಚರ್ ಅಳಿಸಿಬಿಡುತ್ತಾರೆ. ಇಂಗ್ಲಿಷಿನ ಬಿ, ಡಿ ತಿರುಗಾಮುರುಗಾ ಬರೆಯುತ್ತಾನೆ. ಆದರೆ ಪಕ್ಕದಲ್ಲಿ ಕೂತರೆ ಸಣ್ಣ ವಾಕ್ಯ ಓದುತ್ತಾನೆ, ಬಾಯಿಲೆಕ್ಕ ಚೆನ್ನಾಗಿದೆ, ಸೊಸೈಟಿ ಕೆಳಗೆ ಮರಾಠಿಯಲ್ಲೇ ಆಡುತ್ತಾನೆ, ಜಗಳವನ್ನೂ. ‘ಇನ್ನೊಂದು ವರ್ಷ ಇಲ್ಲೇ ಇರಲಿ, ಒಂದು ಪತ್ರ ಬರೆದುಕೊಡಿ’ ಅಂತ ಶಾಲೆಯವರು ಹೇಳಿದ್ದಾರೆ. ನಮ್ಮ ಯಜಮಾನರು ‘ಒಂದು ವರ್ಷ ಹೋದರೆ ಏನಾಯ್ತು’ ಅಂತಾರೆ. ಅತ್ತೆಯವರು ‘ಮೊಮ್ಮಗ ಫೇಲಾದ ಅಂತ ಊರಲ್ಲಿ ಹೇಗೆ ಹೇಳಲಿ’ ಅಂತಾರೆ. ಊರಲ್ಲಿರುವ ನಾದಿನಿಯ ಮಗ ಇವನಿಗಿಂತ ಒಂದು ತಿಂಗಳು ದೊಡ್ಡವನು, ಇನ್ನೂ ಯುಕೆಜಿ. ನಾವೇ ಅವಸರ ಮಾಡಿದೆವಾ?

ಉತ್ತರ: ಅವಸರವೇನೂ ಆಗಿಲ್ಲ. ಮಹಾರಾಷ್ಟ್ರದಲ್ಲಿ ಒಂದನೇ ಇಯತ್ತೆಗೆ ಆ ವರ್ಷದ ಡಿಸೆಂಬರ್ 31ಕ್ಕೆ 6 ತುಂಬಿದರೆ ಸಾಕು. ಕರ್ನಾಟಕದಲ್ಲಿ ಜೂನ್ 1ಕ್ಕೇ 6 ತುಂಬಿರಬೇಕು. 2025-26ಕ್ಕೆ ಅಲ್ಲಿ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು, ಆದರೂ ನಿಮ್ಮ ನಾದಿನಿ ಕಾದಿದ್ದಾರೆ, ಅಷ್ಟೇ. ಇಬ್ಬರು ಹುಡುಗರನ್ನು ಹೋಲಿಸಿ ಏನೂ ಸಿಗುವುದಿಲ್ಲ. ನಿಮ್ಮವನು ಐದೂವರೆಗೆ ಒಂದನೇ ಇಯತ್ತೆಗೆ ಕೂತ. ಅದೇ ವರ್ಷ ಜನವರಿಯಲ್ಲಿ ಹುಟ್ಟಿದವನು ಅದೇ ಬೆಂಚಿನಲ್ಲಿ ಆರೂವರೆಗೆ ಹತ್ತಿರ ಹತ್ತಿರ ಇದ್ದ. ಈ ವಯಸ್ಸಿನಲ್ಲಿ ಒಂದು ವರ್ಷ ಎಂದರೆ ಆಯಸ್ಸಿನ ಆರನೇ ಒಂದು ಪಾಲು. ಐದನೇ ಇಯತ್ತೆ ಹೊತ್ತಿಗೆ ಈ ಅಂತರ ಬಹಳಷ್ಟು ಕರಗಿರುತ್ತದೆ.

ಪತ್ರಕ್ಕೆ ಈಗಲೇ ಸಹಿ ಹಾಕಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮಿನ ಪ್ರಕಾರ ಒಂದನೇ ಇಯತ್ತೆಯಲ್ಲಿ ಯಾವ ಮಗುವನ್ನೂ ತಡೆಹಿಡಿಯುವಂತಿಲ್ಲ. 2019ರ ತಿದ್ದುಪಡಿ ಸಡಿಲ ಕೊಟ್ಟದ್ದು 5 ಮತ್ತು 8ನೇ ತರಗತಿಗೆ ಮಾತ್ರ. ‘ಪಾಲಕರ ಇಚ್ಛೆ’ ಎಂಬ ಪತ್ರ ಶಾಲೆಗಳಿಗೆ ಬೇಕಾಗುವುದು ಇದಕ್ಕೇ. ಹಾಗಾಗಿ ಅತ್ತೆಯವರಿಗೆ ಧೈರ್ಯವಾಗಿ ಹೇಳಿ, ಹುಡುಗ ಫೇಲಾಗಿಲ್ಲ. ಯಜಮಾನರ ಮಾತಿಗೂ ಒಂದು ಉತ್ತರವಿದೆ: ಹೋಗುವುದು ವರ್ಷ ಮಾತ್ರವಲ್ಲ, ಪೂರ್ತಿ ಫೀಯೂ ಹೌದು, ಗೆಳೆಯರೂ ಹೌದು.

ಈಗ ಮುಖ್ಯ ವಿಷಯ. ಕೊರತೆ ಎಲ್ಲಿದೆ ಎಂದು ನಿಮ್ಮ ಪ್ರಶ್ನೆಯಲ್ಲೇ ಕಾಣುತ್ತಿದೆ. ಚಿಕ್ಕ ಮಕ್ಕಳ ಓದು-ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ ನಡೆಸುವ ‘ನಿಪುಣ್ ಭಾರತ್’ ಯೋಜನೆಯ ಗುರಿಯಂತೆ ಒಂದನೆಯ ಕೊನೆಗೆ ಮಗು 4-5 ಸರಳ ಪದಗಳ ವಾಕ್ಯ ಓದಬೇಕು, 99ರವರೆಗೆ ಸಂಖ್ಯೆ ಓದಿ ಬರೆಯಬೇಕು, ಸರಳ ಕೂಡು-ಕಳೆ ಬರಬೇಕು. ಒಂದು ಭಾನುವಾರ ಬೆಳಿಗ್ಗೆ, ಹೊಟ್ಟೆ ತುಂಬಿದ ಮೇಲೆ, ಅವನು ನೋಡಿರದ ಪುಸ್ತಕದಿಂದ ಓದಿಸಿ ನೋಡಿ. ಶಾಲೆಯ ಪುಸ್ತಕ ಬೇಡ, ಅದು ಬಾಯಿಪಾಠ ಆಗಿರುತ್ತದೆ. ಓದಿದರೆ, ತಲೆ ಒಂದನೆಯದನ್ನು ದಾಟಿದೆ, ಹಿಂದೆ ಬಿದ್ದಿರುವುದು ಕೈ. ಕೈಯ ಸಲುವಾಗಿ ಅದೇ ಪಾಠ, ಅದೇ ಪ್ರಾಸ, ಅದೇ ಲೆಕ್ಕ ಇನ್ನೊಂದು ವರ್ಷ ಕೇಳಿಸಿದರೆ ಬೇಜಾರಾಗಿ ಕಿಡಿಗೇಡಿತನ ಶುರುವಾಗುತ್ತದೆ. ತರಗತಿ ಮರುಕಳಿಸಿದ ಮಕ್ಕಳು ಮೊದಲ ವರ್ಷ ಮುಂದಿದ್ದಂತೆ ಕಾಣುತ್ತಾರೆ. ಆ ಮುನ್ನಡೆ ಸಾಮಾನ್ಯವಾಗಿ ಎರಡು-ಮೂರು ವರ್ಷದಲ್ಲಿ ಇಳಿದುಹೋಗುತ್ತದೆ. ಕಾರಣ ಸರಳ: ಕಲಿಸುವ ರೀತಿ ಬದಲಾಗಿರುವುದಿಲ್ಲ.

ಬೋರ್ಡ್ ನೋಡಿ ಬರೆಯುವುದೆಂದರೆ ದೂರ ನೋಡಿ, ನೆನಪಿಟ್ಟು, ತಲೆ ಬಗ್ಗಿಸಿ, ಜಾಗ ಹುಡುಕಿ, ಮತ್ತೆ ತಲೆ ಎತ್ತುವ ಕೆಲಸ. ಎಲ್ಲಿ ತಡವಾಗುತ್ತದೆಂದು ಮೊದಲು ಗೊತ್ತಾಗಬೇಕು. ಕಣ್ಣಿನ ವೈದ್ಯರ ಹತ್ತಿರ ಹೋಗಿ ಹನಿ ಹಾಕಿ ನಂಬರ್ ತೆಗೆಸಿ. ಚಾರ್ಟ್ ಓದಿಸಿ ಕಳಿಸಿದರೆ ಸಾಲದು. ನೆಗಡಿ ಪದೇ ಪದೇ ಆಗುತ್ತಿದ್ದರೆ ಕಿವಿಯೊಳಗೆ ನೀರು ನಿಂತು ಕೇಳಿಸುವುದು ಮಂಕಾಗಿರಬಹುದು, ಅದನ್ನೂ ತೋರಿಸಿ. ಬಿ-ಡಿ ತಿರುವುಮುರುವು 7 ವರ್ಷದವರೆಗೂ ಸಾಮಾನ್ಯ. ಅವನು ಏಕಕಾಲಕ್ಕೆ ರೋಮನ್, ದೇವನಾಗರಿ ಎರಡು ಲಿಪಿ ಕಲಿಯುತ್ತಿದ್ದಾನೆ, ಮನೆಮಾತು ಮೂರನೆಯದು. ಆದರೆ ಹೊಸ ಭಾಷೆ ಹತ್ತದ ತೊಂದರೆ ಅಲ್ಲ. ಆಡುತ್ತಲೇ ಮರಾಠಿ ಕಲಿತು ಅದರಲ್ಲೇ ಜಗಳ ಆಡುವವನಿಗೆ ಭಾಷೆ ಹತ್ತದೇ?

ಕಲಿಕಾ ದೋಷವೇ ಎಂಬ ಭಯ ಈಗಲೇ ಬೇಡ. ಅದರ ತಪಾಸಣೆಯ ವಯಸ್ಸು 8 ಅಥವಾ 3ನೇ ತರಗತಿ. ‘ಲಕ್ಷ್ಯ ಇಲ್ಲ’ ಎಂದರೂ ಗಾಬರಿಯಾಗಬೇಡಿ. ವರ್ಗದ ಅತಿ ಚಿಕ್ಕ ಮಕ್ಕಳಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎಂಬ ಹಣೆಪಟ್ಟಿ ಹೆಚ್ಚು ಅಂಟುತ್ತದೆ ಎಂದು ಹಲವು ದೇಶಗಳಲ್ಲಿ ಕಂಡಿದ್ದಾರೆ.

ಮೇ ರಜೆಯಲ್ಲಿ ದಿನಕ್ಕೆ 20 ನಿಮಿಷ ಸಾಕು, ಊರಿಗೆ ಹೋದರೂ ಸರಿ. ಮೊದಲ 10 ನಿಮಿಷ ಕೈಗೆ: ರೊಟ್ಟಿ ಹಿಟ್ಟು ನಾದಲಿ, ಶೇಂಗಾ ಸುಲಿಯಲಿ, ಪತ್ರಿಕೆಯಲ್ಲಿ ಗೆರೆ ಎಳೆದುಕೊಟ್ಟರೆ ಕತ್ತರಿಯಿಂದ ಕತ್ತರಿಸಲಿ. ಆಮೇಲೆ 5 ನಿಮಿಷ ಬರವಣಿಗೆ, ಮೂರೇ ಸಾಲು. ಗೋಡೆಗೆ ಅಂಟಿಸಿದ ಕಾಗದ ನೋಡಿ ಬರೆಯಲಿ; ಒಂದೊಂದೇ ಅಕ್ಷರ ನೋಡಿ ಬರೆಯುವ ಬದಲು ಇಡೀ ಪದ ನೋಡಿ, ಬಾಯಲ್ಲಿ ಹೇಳಿ, ಬರೆಯುವ ರೂಢಿ ಹಾಕಿ. ವೇಗ ಬರುವುದು ಇದರಿಂದಲೇ. ಪೆನ್ಸಿಲ್ ಗಿಡ್ಡ ಇರಲಿ, ಬೆರಳು ತಾನೇ ಸರಿ ಕೂರುತ್ತದೆ. ಉಳಿದ 5 ನಿಮಿಷ ನೀವು ಓದಿ, ಅವನು ಕೇಳಲಿ. ದಿನಾ ಎರಡು ಪುಟ ಕಾಪಿ ರೈಟಿಂಗ್ ಮಾತ್ರ ಬೇಡ. ನೋಯುವ ಕೈ ಬರೆಯುವುದನ್ನೇ ದ್ವೇಷಿಸುತ್ತದೆ.

ಜೂನ್‌ನಲ್ಲಿ ಎರಡನೆಯದಕ್ಕೆ ಕಳಿಸಿ. ಹೊಸ ಟೀಚರ್ ಹತ್ತಿರ ಮೂರು ವಿಷಯ ಕೇಳಿಕೊಳ್ಳಿ: ಮುಂದಿನ ಬೆಂಚು, ಬೋರ್ಡಿನ ಅರ್ಧ ಬರೆದರೂ ನಡೆಯಲಿ, ಬಂದ ಉತ್ತರವನ್ನು ಬಾಯಲ್ಲೂ ಕೇಳಲಿ. ದೀಪಾವಳಿ ರಜೆಯವರೆಗೆ ನೋಡಿ. ಅಷ್ಟರಲ್ಲಿ ಓದು ನಿಂತಲ್ಲೇ ನಿಂತಿದ್ದರೆ ಮಕ್ಕಳ ಬೆಳವಣಿಗೆ ತಜ್ಞರಿಗೆ ತೋರಿಸಿ.

ನನ್ನ ಸಲಹೆ ತಿರುಗುವುದು ಕೆಲವೇ ಸಂದರ್ಭದಲ್ಲಿ. ಅವನು ದಿನ ತುಂಬುವ ಮೊದಲೇ, ಒಂದೆರಡು ತಿಂಗಳು ಮುಂಚೆ ಹುಟ್ಟಿದ್ದು, ಸರಿಯಾದ ದಿನಕ್ಕೆ ಹುಟ್ಟಿದ್ದರೆ ಮುಂದಿನ ಬ್ಯಾಚಿಗೇ ಸೇರಬೇಕಿತ್ತು ಎಂದಾದರೆ. ಕಾಯಿಲೆಯಿಂದ ವರ್ಷದ ಬಹುಪಾಲು ಶಾಲೆ ತಪ್ಪಿದ್ದರೆ. ಓದು, ಮಾತು, ಆಟ ಎಲ್ಲದರಲ್ಲೂ ಚಿಕ್ಕವರ ಜೊತೆಗೇ ಹೊಂದುತ್ತಿದ್ದರೆ. ಆಗಲೂ ಮೊದಲು ತಜ್ಞರ ತಪಾಸಣೆ, ಆಮೇಲೆ ಪತ್ರ. ಶಾಲೆ ಬೇರೆ ಅಥವಾ ಕನಿಷ್ಠ ಟೀಚರ್ ಬೇರೆ ಇರಲಿ, ‘ಯುಡೈಸ್’ ಎಂಬ ಸರ್ಕಾರಿ ಶಾಲಾ-ಮಾಹಿತಿ ದಾಖಲೆಯಲ್ಲಿ ಹೇಗೆ ನಮೂದಿಸುತ್ತಾರೆಂದು ಬರಹದಲ್ಲಿ ಪಡೆಯಿರಿ.

ಫಲಿತಾಂಶದ ದಿನ ಗದ್ದಲದಲ್ಲಿ ಈ ಮಾತು ಎತ್ತಬೇಡಿ, ವಾರ ಮುಂಚೆಯೇ ಮುಖ್ಯಾಧ್ಯಾಪಕರ ಸಮಯ ಕೇಳಿ. ಹೋಗುವಾಗ ಅವನ ವಹಿ ಒಯ್ಯಿರಿ, ಅವನನ್ನು ಕರೆದೊಯ್ಯಬೇಡಿ. ಮರಾಠಿ ಅವನಿಗೆ ನಿಮಗಿಂತ ಚೆನ್ನಾಗಿ ಅರ್ಥವಾಗುತ್ತದೆ.