‘ಅಪ್ರೀಶಿಯೇಟ್’ ಎಂದರೆ ಮೆಚ್ಚುವುದೋ, ಧನ್ಯವಾದ ಹೇಳುವುದೋ?

ನಿಮ್ಮ ಮೇಲಧಿಕಾರಿ ‘ಐ ವುಡ್ ಅಪ್ರೀಶಿಯೇಟ್ ಇಟ್ ಇಫ್ ಯು ಸೆಂಡ್ ದ ರಿಪೋರ್ಟ್ ಟುಡೇ’ ಎಂದು ಬರೆದಿದ್ದಾರೆ, ಇದರಲ್ಲಿ ಮೆಚ್ಚುವುದೇನಿದೆ ಎಂದು ಕೇಳಿದ್ದೀರಿ. ಏನೂ ಇಲ್ಲ. ವರದಿ ಇವತ್ತೇ ಬರಬೇಕು ಎಂದು ಅರ್ಥ. ಮೊದಲು ಅದನ್ನು ಕಳುಹಿಸಿ, ಆಮೇಲೆ ಇದನ್ನು ಓದಿ.

ನಾನು ಉಡುಪಿಯ ಒಂದು ಬ್ಯಾಂಕಿನಲ್ಲಿ ಮೂವತ್ತು ವರ್ಷ ಪತ್ರ ಬರೆದವನು. ಸಾಲದ ಕಂತು ಬಾಕಿ ಇಟ್ಟವರಿಗೆ ಹೋಗುತ್ತಿದ್ದ ಮೊದಲ ಪತ್ರದಲ್ಲಿ ಈ ಕ್ರಿಯಾಪದ ಇರುತ್ತಿತ್ತು, ಎರಡನೆಯದರಲ್ಲಿ ಇರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಆ ವಾಕ್ಯದ ‘ಇಟ್’ ಬಿಟ್ಟು ಬರೆದಿದ್ದೆ. ಮ್ಯಾನೇಜರರು ಕೆಂಪು ಶಾಯಿಯಲ್ಲಿ ಅದನ್ನು ಸೇರಿಸಿ, “ಏನನ್ನು ಮಾರಾಯ? ಕರ್ಮಪದ ಎಲ್ಲಿದೆ?” ಎಂದು ಕೇಳಿದ್ದರು. ಈಗಲೂ ಆ ‘ಇಟ್’ ಇಲ್ಲದ ಪತ್ರ ಕಂಡರೆ ನನ್ನ ಕೈ ಕೆಂಪು ಪೆನ್ನು ಹುಡುಕುತ್ತದೆ.

ಈ ಪದದ ಬೇರು ಲ್ಯಾಟಿನ್ನಿನ ‘ಪ್ರೆಟಿಯಮ್’, ಅಂದರೆ ಬೆಲೆ. ‘ಪ್ರೈಸ್’, ‘ಪ್ರೆಶಸ್’ ಇವೆಲ್ಲ ಅದೇ ಮನೆಯವು. ಬೆಲೆ ಎಂಬ ಎಳೆಯನ್ನು ಹಿಡಿದುಕೊಂಡರೆ ಉಳಿದ ಅರ್ಥಗಳಿಗೆ ನಿಘಂಟು ಬೇಕಾಗುವುದಿಲ್ಲ. ಮಂಗಳೂರಿನ ಮಣ್ಣಗುಡ್ಡೆಯ ದಲ್ಲಾಳಿ ‘ಜಾಗ ಅಪ್ರೀಶಿಯೇಟ್ ಆಗುತ್ತದೆ’ ಎಂದರೆ ಬೆಲೆ ಏರುತ್ತದೆ ಎಂದು. ಇಲ್ಲಿ ಮಾತ್ರ ಕರ್ಮಪದ ಬೇಡ. ಕಾರಿನದು ತದ್ವಿರುದ್ಧ, ಅದು ‘ಡಿಪ್ರೀಶಿಯೇಟ್’. ಇನ್ನು ರಾತ್ರಿಯಿಡೀ ಯಕ್ಷಗಾನದ ಆಟ ನೋಡುವ ಅಜ್ಜನನ್ನು ನೆನೆಯಿರಿ. ಭಾಗವತರು ತಾಳ ಬದಲಿಸಿದ ಕ್ಷಣವೇ ಅವರ ಬೆರಳು ಕುರ್ಚಿಯ ಕೈಯ ಮೇಲೆ ಬದಲಾಗುತ್ತದೆ. ಪಕ್ಕದಲ್ಲಿರುವ ಮೊಮ್ಮಗನಿಗೆ ಕಾಣುವುದು ಬಣ್ಣದ ವೇಷವೊಂದೇ. ಚಪ್ಪಾಳೆ ತಟ್ಟದಿದ್ದರೂ ಯಕ್ಷಗಾನವನ್ನು ‘ಅಪ್ರೀಶಿಯೇಟ್’ ಮಾಡಿದವರು ಆ ಅಜ್ಜ. ‘ಐ ಅಪ್ರೀಶಿಯೇಟ್ ಯುವರ್ ಡಿಫಿಕಲ್ಟಿ, ಬಟ್’ ಎಂಬಲ್ಲಿಯೂ ಹೀಗೆಯೇ: ನಿಮ್ಮ ಕಷ್ಟದ ತೂಕ ಗೊತ್ತಿದೆ, ಆದರೆ ಸಾಲ ಸಿಗುವುದಿಲ್ಲ.

‘ಥ್ಯಾಂಕ್’ ಮಾಡುವುದು ಮನುಷ್ಯರನ್ನು, ‘ಅಪ್ರೀಶಿಯೇಟ್’ ಮಾಡುವುದು ಅವರು ಮಾಡಿದ ಕೆಲಸವನ್ನು. ಅಮೆರಿಕದವರು ‘ಐ ಅಪ್ರೀಶಿಯೇಟ್ ಯು’ ಎಂದೂ ಹೇಳುತ್ತಾರೆ. ಕಚೇರಿ ಪತ್ರದಲ್ಲಿ ನಾನಂತೂ ಬರೆಯುವುದಿಲ್ಲ. ಇದರ ಬೆನ್ನಿಗೇ ‘ಟು’ ಹಚ್ಚಬೇಡಿ: ‘ಅಪ್ರೀಶಿಯೇಟ್ ಟು ಗೆಟ್’ ತಪ್ಪು, ‘ಅಪ್ರೀಶಿಯೇಟ್ ಗೆಟಿಂಗ್’ ಸರಿ.

ತುಳುವಿನ ‘ಸೊಲ್ಮೆಲು’, ಇಲ್ಲಿನ ಕ್ರೈಸ್ತರ ಕೊಂಕಣಿಯ ‘ದೇವ್ ಬರೆಂ ಕರುಂ’ ಎರಡೂ ‘ಥ್ಯಾಂಕ್’ ಪಕ್ಷದವು. ಕನ್ನಡದಲ್ಲಿ ನಾವು “ನೀವು ಬಂದದ್ದು ದೊಡ್ಡ ಉಪಕಾರವಾಯಿತು” ಎನ್ನುತ್ತೇವಲ್ಲ, ಅದು ‘ಅಪ್ರೀಶಿಯೇಟ್’ಗೆ ತೀರ ಹತ್ತಿರ; ಅಲ್ಲಿ ಬೆಲೆ ಸಿಕ್ಕಿದ್ದು ಬಂದದ್ದಕ್ಕೆ.

ವರದಿ ತಲುಪಿದ ಮೇಲೆ ‘ಮಚ್ ಅಪ್ರೀಶಿಯೇಟೆಡ್’ ಎಂಬ ಎರಡು ಪದಗಳ ಉತ್ತರ ಬರಬಹುದು. ಅದಕ್ಕೆ ಮತ್ತೆ ಉತ್ತರ ಬರೆಯಬೇಕಾಗಿಲ್ಲ.