ಪ್ರತಿ ಕಸ್ಟಮ್ ರೂಮ್‌ನಲ್ಲೂ ಕೊನೆಯ ಜಾಗಗಳೇ: ಕಲಬುರಗಿಯ ಹೊಸ ಬಿಜಿಎಂಐ ಟೀಮ್ ಏನು ಮಾಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಅನ್ನುವ ಮೊಬೈಲ್ ಗುಂಡಿನ ಕಾಳಗದ ಆಟ, ನಾಲ್ಕು ಜನ ಗೆಳೆಯರು, ಟೀಮ್ ಕಟ್ಟಿ ಮೂರು ತಿಂಗಳು, 16 ಟೀಮ್‌ಗಳ ಕಸ್ಟಮ್ ರೂಮ್‌ನಲ್ಲಿ (ಕರೆದ ಟೀಮ್‌ಗಳಷ್ಟೇ ಆಡುವ ಖಾಸಗಿ ಪಂದ್ಯ) ಯಾವಾಗಲೂ 14ನೇ ಇಲ್ಲಾ 15ನೇ ಜಾಗ. ಹಳೆ ಆಟಗಾರರು "ಬಾಟ್‌ಗಳು ಬಂದ್ವು ನೋಡ್ರಿ" ಅಂತ, ಅಂದರೆ ಕಂಪ್ಯೂಟರ್ ಆಡಿಸುವ ಗೊಂಬೆಗಳು ಅಂತ ನಗುತ್ತಾರೆ, ನಿಮ್ಮಲ್ಲಿ ಒಬ್ಬ ಹುಡುಗ ಆಗಲೇ ಬಿಡ್ತೀನಿ ಅನ್ನುತ್ತಿದ್ದಾನೆ. ಏಮ್ (ಗುರಿ) ಸುಧಾರಿಸೋಕೆ ದಿನಕ್ಕೆ ಎಷ್ಟು ಗಂಟೆ ಪ್ರಾಕ್ಟೀಸ್ ಮಾಡಬೇಕು ಅಂತ ಕೇಳಿದ್ದೀರಿ. ಗಂಟೆ ಲೆಕ್ಕ ಆಮೇಲೆ ನೋಡೋಣ. ನಿಮ್ಮ ತೊಂದರೆ ಏಮ್‌ನಲ್ಲಿ ಇಲ್ಲ ಅಂತ ನನಗೆ ಅನ್ನಿಸುತ್ತದೆ.

ಮೊದಲು ನನ್ನ ಬಗ್ಗೆ ಎರಡು ಮಾತು. ನಾನೂ ಕಲಬುರಗಿಯವನೇ, ಸೂಪರ್ ಮಾರ್ಕೆಟ್ ಕಡೆ ಮೊಬೈಲ್ ರಿಪೇರಿ ಅಂಗಡಿ ಇದೆ. ಪಬ್‌ಜಿ ಕಾಲದಿಂದ ಆಡುತ್ತಿದ್ದೇನೆ. 2020ರ ಸೆಪ್ಟೆಂಬರ್‌ನಲ್ಲಿ ಅದನ್ನು ನಿಷೇಧಿಸಿದರು, 2021ರ ಜುಲೈನಲ್ಲಿ ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು ಬಂತು, 2022ರ ಜುಲೈನಲ್ಲಿ ಸ್ಟೋರ್‌ನಿಂದ ಮತ್ತೆ ಮಾಯವಾಯಿತು, 2023ರ ಮೇನಲ್ಲಿ ವಾಪಸ್ ಬಂತು. ಆ ಹತ್ತು ತಿಂಗಳಲ್ಲಿ ನಮ್ಮ ಟೀಮ್ ಒಡೆದೇ ಹೋಯಿತು. ಒಬ್ಬ ಪುಣೆಗೆ ಕೆಲಸಕ್ಕೆ ಹೋದ, ಒಬ್ಬ ಮದುವೆಯಾದ, ನಾನು ಅಂಗಡಿ ಹಾಕಿದೆ. ಈಗ ಭಾನುವಾರ ರಾತ್ರಿ ಹೊಸಬರಿಗೆ ಅಂತಲೇ ರೂಮ್ ಹಾಕುತ್ತೇನೆ. ಜೇವರ್ಗಿ, ಸೇಡಂ, ಆಳಂದ, ಶಹಾಪುರ, ಎಲ್ಲ ಕಡೆಯಿಂದ ಹುಡುಗರು ಬರುತ್ತಾರೆ. ಹಾಗಾಗಿ ಹೊಸ ಟೀಮ್‌ಗಳು ಹೇಗೆ ಮುರಿಯುತ್ತವೆ ಅನ್ನೋದು ಸಾಕಷ್ಟು ನೋಡಿದ್ದೇನೆ.

ಕಳೆದ ವರ್ಷ ನಿಮ್ಮಂಥದ್ದೇ ಒಂದು ಟೀಮ್ ಬಂತು. ಮೂರು ಜನ ಊರಿನವರು, ನಾಲ್ಕನೆಯವನು ಜೇವರ್ಗಿ ಕಡೆಯವನು, ಹಾಸ್ಟೆಲ್ ಹುಡುಗ. ಅವನಿಗೆ ಬಾಯೇ ಇಲ್ಲ, ಏನೂ ಹೇಳಲ್ಲ, ತೆಗೆದು ಬೇರೆಯವನನ್ನು ಹಾಕಿಕೊಳ್ತೀವಿ ಅಂತ ಮೂವರೂ ದೂರಿದರು. ಆಯ್ತು, ಮುಂದಿನ ನಾಲ್ಕು ಮ್ಯಾಚ್ ಎಲ್ಲರ ದನಿ ಬರುವ ಹಾಗೆ ರೆಕಾರ್ಡ್ ಮಾಡಿಕೊಂಡು ಬನ್ನಿ, ಆಮೇಲೆ ತೆಗೆಯೋಣ ಅಂದೆ. ಬಂದರು. ರಾತ್ರಿ ಶಟರ್ ಅರ್ಧ ಎಳೆದು, ಸಣ್ಣ ಸ್ಪೀಕರ್‌ಗೆ ಜೋಡಿಸಿ ಕೂತು ಕೇಳಿದೆವು.

ಎರಡನೇ ಮ್ಯಾಚ್‌ನಲ್ಲಿ ಇಬ್ಬರು ಸೇರಿ ಎದುರಿನ ಟೀಮ್ ಬಗ್ಗೆ ಕಿರುಚಾಡುತ್ತಿದ್ದಾರೆ. ಅದರ ಅಡಿಯಲ್ಲಿ ಒಂದು ಸಣ್ಣ ದನಿ, "ಅಣ್ಣಾ, ಹಿಂದ ಗಾಡಿ ಬಂತು." ಯಾರೂ ಕೇಳಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅಣ್ಣಾ, ಇಳೀಲತ್ತಾರ, ಇಬ್ರು." ಮತ್ತೆ ಕಿರುಚಾಟ. ಮೂರನೇ ಸಲ ಬರೀ "ಅಣ್ಣಾ" ಅಂದ, ಅಷ್ಟರಲ್ಲಿ ಗ್ರೆನೇಡ್ ಬಿತ್ತು. ನಾಲ್ವರೂ ಸತ್ತ ಮೇಲೆ ಅವರ ಐಜಿಎಲ್ (ಆಟದೊಳಗೆ ಟೀಮ್ ನಡೆಸುವ ನಾಯಕ) ಹೇಳಿದ ಮೊದಲ ಮಾತು ಏನು ಗೊತ್ತಾ? "ಹಿಂದ ಒಬ್ರೂ ನೋಡ್ಲಿಲ್ಲೇನ್ರೋ?"

ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. ಜೇವರ್ಗಿ ಹುಡುಗ ಕಿಸೆಯಿಂದ ಇಯರ್‌ಫೋನ್ ತೆಗೆದು ಸುಮ್ನೆ ಅದರ ಗಂಟು ಬಿಡಿಸುತ್ತಾ ಕೂತ. ಅವನನ್ನು ಟೀಮ್‌ನಿಂದ ತೆಗೆಯುವ ಮಾತು ಅಲ್ಲಿಗೇ ನಿಂತಿತು. ಈಗ ಆ ಟೀಮ್‌ಗೆ ಐಜಿಎಲ್ ಅವನೇ.

ಹಾಗಾಗಿ ಮೊದಲು ನೀವೂ ರೆಕಾರ್ಡ್ ಮಾಡಿ. ಹೈಲೈಟ್ಸ್ ಬೇಡ, ಸತ್ತ ಮ್ಯಾಚ್‌ಗಳು ಬೇಕು. ಸಾಯುವ ಮುಂಚಿನ ಒಂದು ನಿಮಿಷ ಕೇಳಿದರೆ ಸಾಕು. ಯಾರು ಯಾರ ಮಾತಿನ ಮೇಲೆ ಮಾತಾಡುತ್ತಿದ್ದಾರೆ, ಯಾರು ಹೇಳಿದ್ದು ಗಾಳಿಗೆ ಹೋಯಿತು ಅನ್ನೋದು ಗೊತ್ತಾಗುತ್ತದೆ. ಕೇಳುವಾಗ ಒಬ್ಬರನ್ನೊಬ್ಬರು ಬೈಯಬಾರದು ಅಂತ ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಅಲ್ಲೇ ಇನ್ನೊಂದು ಜಗಳ.

ಆಮೇಲೆ ಕಾಲ್, ಅಂದರೆ ಶತ್ರು ಎಲ್ಲಿದ್ದಾನೆ ಅಂತ ಜೊತೆಯವರಿಗೆ ಹೇಳೋದು. "ಅಲ್ಲಿ ಇದ್ದಾನ, ಅಲ್ಲೇ, ಅಲ್ಲೇ ನೋಡೋ" ಅಂದರೆ ಯಾರಿಗೆ ಏನು ತಿಳಿಯುತ್ತದೆ? ಪರದೆಯ ಮೇಲ್ಗಡೆ ಕಂಪಾಸ್ ಇದೆ, ಅದರ ನಂಬರ್ ಹೇಳಿ. ಮೊದಲು ನಂಬರ್, ಆಮೇಲೆ ಗುರುತು, ಆಮೇಲೆ ಎಷ್ಟು ಜನ, ಕೊನೆಗೆ ಅವನ ಸ್ಥಿತಿ. "ಟೂ ಒನ್ ಝೀರೋ, ಕೆಂಪು ಮನೆ ಮೇಲೆ, ಒಬ್ಬ, ಅರ್ಧ ಜೀವ." ಇಷ್ಟೇ. ನಂಬರ್ ಮಾತ್ರ ಇಂಗ್ಲಿಷ್‌ನಲ್ಲಿ ಬಿಡಿಬಿಡಿಯಾಗಿ ಹೇಳಿ ಅಂತೀನಿ, ಅದಕ್ಕೆ ಕಾರಣ ಇದೆ. ನಮ್ಮೂರಲ್ಲಿ ಒಂದೇ ಸ್ಕ್ವಾಡ್‌ನಲ್ಲಿ ಒಬ್ಬನದು ಕನ್ನಡ, ಇನ್ನೊಬ್ಬನದು ದಖ್ಖನಿ, ಸೇಡಂ ಕಡೆಯವನಾದರೆ ಮನೆಯಲ್ಲಿ ತೆಲುಗು. ಒಬ್ಬ ನೂರೈವತ್ತು ಅಂದ, ಇನ್ನೊಬ್ಬ ಡೇಢ್ ಸೌ ಅಂದ. ಎರಡೂ ಒಂದೇ ಅಂತ ಮೂರನೆಯವನ ತಲೆಗೆ ಹೋಗುವಷ್ಟರಲ್ಲಿ ಆಟ ಮುಗಿದಿರುತ್ತದೆ. ಉಳಿದ ಮಾತು ಯಾವ ಭಾಷೆಯಲ್ಲಿ ಬೇಕಾದರೂ ಇರಲಿ.

ನಾಕ್ ಆದವನಿಗೂ, ಅಂದರೆ ಏಟು ತಿಂದು ನೆಲಕ್ಕೆ ಬಿದ್ದು ಜೊತೆಯವರು ಎತ್ತಲಿ ಅಂತ ಕಾಯುವವನಿಗೂ, ಒಂದು ನಿಯಮ ಇಡಿ. ಹೊಡೆದವನು ಎಲ್ಲಿದ್ದಾನೆ ಅಂತ ಒಂದು ಸಲ ಹೇಳಬೇಕು, ಆಮೇಲೆ ಬಾಯಿ ಮುಚ್ಚಬೇಕು. "ಬಾ ಎತ್ತೋ, ಎತ್ತೋ" ಅಂತ ಕೂಗಿದರೆ ಉಳಿದವರಿಗೆ ಶತ್ರುವಿನ ಹೆಜ್ಜೆ ಸಪ್ಪಳ ಕೇಳಿಸಲ್ಲ. ಇದನ್ನು ಕಲಿಯೋಕೆ ನನಗೇ ಎರಡು ವರ್ಷ ಹಿಡಿಯಿತು, ನನ್ನ ಬಾಯಿ ದೊಡ್ಡದು.

ಮ್ಯಾಚ್ ಶುರುವಿನಲ್ಲಿ ಪ್ಯಾರಾಚೂಟ್‌ನಿಂದ ಇಳಿಯುವ ಜಾಗ ಪೊಚಿಂಕಿ, ಸ್ಕೂಲ್, ಮಿಲಿಟರಿ ಬೇಸ್ ಅಂತ ಬರೆದಿದ್ದೀರಿ. ಯಾಕ್ರೀ? ಅಲ್ಲಿ ಎರಡು ನಿಮಿಷದಲ್ಲಿ ಸತ್ತರೆ ಕಲಿಯೋದು ಏನಿದೆ? ಎರಾಂಗೆಲ್ ಮ್ಯಾಪ್ 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ, ಜಾಗಕ್ಕೇನು ಬರವಿಲ್ಲ. ಝಾರ್ಕಿ, ಕಮೆಷ್ಕಿ, ಪ್ರಿಮೋರ್ಸ್ಕ್ ಥರ ಅಂಚಿನ ಒಂದು ಊರು ಹಿಡಿದು ಒಂದು ತಿಂಗಳು ಅಲ್ಲೇ ಇಳಿಯಿರಿ. ಯಾವ ಮನೆ ಯಾರದು ಅಂತ ಹಂಚಿಕೊಳ್ಳಿ. ಅಂಚಿನಲ್ಲಿ ಇಳಿದರೆ ಝೋನ್, ಅಂದರೆ ಹೊತ್ತು ಕಳೆದ ಹಾಗೆ ಚಿಕ್ಕದಾಗುತ್ತಾ ಹೋಗುವ ಸುರಕ್ಷಿತ ವೃತ್ತ, ದೂರ ಬೀಳುತ್ತದೆ, ಅದಕ್ಕೇ ಬಂದೂಕು, ಸಾಮಾನು ಹೆಕ್ಕುವ ಲೂಟ್ ಮುಗಿಯುವ ಮುಂಚೆಯೇ ಒಬ್ಬ ಗಾಡಿ ಹುಡುಕಬೇಕು, ಸಾಧ್ಯವಾದರೆ ಎರಡು ಗಾಡಿ. ಒಂದೇ ಗಾಡಿಯಲ್ಲಿ ನಾಲ್ವರೂ ತುಂಬಿಕೊಂಡು ಹೋಗಿ ಒಟ್ಟಿಗೆ ಸಾಯುವ ಟೀಮ್‌ಗಳನ್ನು ಪ್ರತಿ ಭಾನುವಾರ ನೋಡುತ್ತೇನೆ. ನಮ್ಮ ಕಡೆ ಟಂಟಂ ಹತ್ತಿದ ಹಾಗೆ ಹತ್ತುತ್ತಾರೆ.

ಪಾಯಿಂಟ್ ವಿಷಯದಲ್ಲಿ ಒಂದು ಗೊಂದಲ ಇದೆ, ಬಿಡಿಸಿ ಹೇಳುತ್ತೇನೆ. ಮೊದಲು ದೊಡ್ಡ ಟೂರ್ನಮೆಂಟ್‌ಗಳಲ್ಲಿ ಮೊದಲ ಎಂಟು ಜಾಗಕ್ಕೆ 15, 12, 10, 8, 6, 4, 2, 1 ಅಂತ ಇತ್ತು. ಆಮೇಲೆ 10, 6, 5, 4, 3, 2, 1, 1 ಅಂತ ಆಯಿತು. ಒಂದು ಕಿಲ್‌ಗೆ ಒಂದು ಪಾಯಿಂಟ್. ಅಂದರೆ ಬಚ್ಚಲಮನೆಯಲ್ಲಿ ಅಡಗಿ ಕೂತು 7ನೇ ಜಾಗಕ್ಕೆ ಬಂದರೆ ನಿಮಗೆ ಸಿಗೋದು ಒಂದೇ ಪಾಯಿಂಟ್, ಹೊರಗೆ ಬಂದು ಇಬ್ಬರನ್ನು ಹೊಡೆದು 12ನೇ ಜಾಗದಲ್ಲಿ ಸತ್ತವರಿಗೆ ಎರಡು. ಹಾಗಂತ ಕಿಲ್ ಹಿಂದೆ ಓಡಿ ಅಂತ ಹೇಳುತ್ತಿಲ್ಲ. ಮೊದಲ ತಿಂಗಳು ಪಾಯಿಂಟ್ ಟೇಬಲ್ ನೋಡಲೇಬೇಡಿ. ನಾಲ್ಕನೇ ಝೋನ್‌ವರೆಗೆ ಎಷ್ಟು ಜನ ಬದುಕಿದ್ದೀರಿ ಅನ್ನೋದನ್ನು ಮಾತ್ರ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಅಲ್ಲಿವರೆಗೆ ನಾಲ್ವರೂ ತಲುಪಿದರೆ ತಾನೇ ಕೊನೆಯ ಆಟ ಹೇಗಿರುತ್ತದೆ ಅಂತ ಕಣ್ಣಿಗೆ ಬೀಳೋದು.

ಇನ್ನು ಫೋನ್. ಇದು ನನ್ನ ಹೊಟ್ಟೆಪಾಡು, ಸ್ವಲ್ಪ ಜಾಸ್ತಿ ಬರೆದರೆ ಬೇಜಾರಾಗಬೇಡಿ. ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ, ಮಧ್ಯಾಹ್ನ 42, 43 ಡಿಗ್ರಿ. ಫೋನ್ ಕಾದರೆ ಒಳಗಿನ ಚಿಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಪರದೆ ಮಂಕಾಗುತ್ತದೆ, ಆಟ ತಡವರಿಸುತ್ತದೆ. ಹುಡುಗರು ಇದನ್ನು ತಮ್ಮ ಕೈ ತಪ್ಪು ಅಂತ ತಿಳಿದು ಸೆನ್ಸಿಟಿವಿಟಿ (ಬೆರಳು ಸರಿಸಿದರೆ ನೋಟ ಎಷ್ಟು ತಿರುಗಬೇಕು ಅನ್ನುವ ಸೆಟ್ಟಿಂಗ್) ಬದಲಿಸುತ್ತಾರೆ. ಚಾರ್ಜಿಗೆ ಹಾಕಿಕೊಂಡು ಆಡಬೇಡಿ, ಹಿಂದಿನ ಕವರ್ ತೆಗೆಯಿರಿ, ಗ್ರಾಫಿಕ್ಸ್ ಸ್ಮೂತ್‌ನಲ್ಲಿ ಇಡಿ, ಫ್ಯಾನ್ ಗಾಳಿ ತಾಗುವ ಕಡೆ ಕೂತುಕೊಳ್ಳಿ. ಕೂಲರ್ ಬಾಯಿಗೆ ಹಿಡಿಯಬೇಡಿ, ಹನಿ ಸಿಡಿಯುತ್ತದೆ. ಫ್ರಿಜ್‌ನಲ್ಲಂತೂ ಇಡಲೇಬೇಡಿ. ಹೊರಗೆ ತೆಗೆದ ಕೂಡಲೇ ಒಳಗೆ ನೀರು ಬೆವರುತ್ತದೆ. ಹೋದ ಮೇನಲ್ಲಿ ಅಂಥ ಮೂರು ಫೋನ್ ಬಿಚ್ಚಿದ್ದೇನೆ, ಒಂದರ ಬೋರ್ಡ್ ಹಸಿರುಗಟ್ಟಿತ್ತು. ಏಪ್ರಿಲ್, ಮೇನಲ್ಲಿ ಸ್ಕ್ರಿಮ್ಸ್ (ಅಭ್ಯಾಸ ಪಂದ್ಯಗಳು) ರಾತ್ರಿ 9ರ ಮೇಲೆ ಇಟ್ಟುಕೊಳ್ಳಿ.

ಯೂಟ್ಯೂಬ್‌ನಲ್ಲಿ ಸಿಗುವ ಸೆನ್ಸಿಟಿವಿಟಿ ಕೋಡ್ ಕಾಪಿ ಮಾಡೋದೂ ಬಿಡಿ. ಅವರ ಫೋನ್ ಬೇರೆ, ನಿಮ್ಮ ಫೋನ್ ಬೇರೆ. ಒಂದು ಇಟ್ಟುಕೊಂಡರೆ ಒಂದು ತಿಂಗಳು ಮುಟ್ಟಬಾರದು. ಪಿಂಗ್, ಅಂದರೆ ನೆಟ್‌ನ ತಡ, ಸಂಜೆ ಏರುವುದು ಎಲ್ಲರ ಗೋಳು, ಮನೆಯಲ್ಲಿ ವೈಫೈ ಇದ್ದರೆ ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ. ಕರೆಂಟ್ ಹೋದಾಗ ಒಬ್ಬ ಆಟದಿಂದ ಹೊರಬಿದ್ದರೆ ಉಳಿದ ಮೂವರ ಮನಸ್ಸೂ ಕೆಡುತ್ತದೆ.

ಈಗ ನಗುವವರ ವಿಷಯ. ನಿಮ್ಮನ್ನು ನೋಡಿ ನಗುವ ರೂಮ್‌ನಲ್ಲಿ ಆಡಲೇಬೇಕು ಅಂತ ಏನೂ ಇಲ್ಲ. ನಿಮ್ಮ ಮಟ್ಟದ ಟೀಮ್‌ಗಳು ನಮ್ಮ ಸುತ್ತಮುತ್ತ ಬೇಕಾದಷ್ಟಿವೆ, ಐದಾರು ಟೀಮ್ ಸೇರಿಕೊಂಡರೂ ನಿಮ್ಮದೇ ರೂಮ್ ಹಾಕಿ ರಾತ್ರಿ ಕಳೆಯಬಹುದು. ನನ್ನ ರೂಮ್‌ನಲ್ಲಿ ಬೈದವನು ಅವತ್ತೇ ಹೊರಗೆ, ಎಷ್ಟೇ ದೊಡ್ಡ ಆಟಗಾರ ಆಗಿರಲಿ. ಇಂಜಿನಿಯರಿಂಗ್ ಓದುವ ಇಬ್ಬರು ಹುಡುಗಿಯರು ನಮ್ಮಲ್ಲಿ ಆಡುತ್ತಾರೆ, ಬಂದ ಹೊಸದರಲ್ಲಿ ತಿಂಗಳುಗಟ್ಟಲೆ ಮೈಕ್ ಆನ್ ಮಾಡಲಿಲ್ಲ. ಬೇರೆ ಕಡೆ ದನಿ ಕೇಳಿದ ಕೂಡಲೇ ಏನೇನು ಅಂದಿದ್ದರೋ. ಈಗ ಅವರ ಕಾಲ್‌ಗಳೇ ಎಲ್ಲರಿಗಿಂತ ಸ್ಪಷ್ಟ.

ಇನ್ನೊಂದು ಎಚ್ಚರಿಕೆ. "50 ರೂಪಾಯಿ ಸ್ಲಾಟ್, ಗೆದ್ದರೆ 2000" ಅಂತ ಟೆಲಿಗ್ರಾಂನಲ್ಲಿ ಬರುವ ರೂಮ್‌ಗಳಿಂದ ದೂರ ಇರಿ. ನಾನೂ ಒಮ್ಮೆ ನಾಲ್ವರ ದುಡ್ಡು ಸೇರಿಸಿ ಕಟ್ಟಿದೆ, ಐಡಿ ಪಾಸ್‌ವರ್ಡ್ ಬರುವ ಹೊತ್ತಿಗೆ ಗ್ರೂಪೇ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಪಣಕ್ಕಿಟ್ಟು ಆಡುವ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ ಬೇರೆಯಾಗಿ ಮಾನ್ಯತೆ ಕೊಟ್ಟಿತು. ಕಿಲ್‌ಗೆ ಇಷ್ಟು ರೂಪಾಯಿ ಅಂತ ಕರೆಯುವವರು ಯಾವ ಕಡೆ ಬರುತ್ತಾರೆ ಅಂತ ನೀವೇ ಯೋಚಿಸಿ. ಕಲಿಯುವ ಕಾಲದಲ್ಲಿ ದುಡ್ಡು ಬೇಡ.

ನಿಮ್ಮಲ್ಲಿ ಒಬ್ಬ ಪಿಯು ಎರಡನೇ ವರ್ಷ ಅಂತ ಬರೆದಿದ್ದೀರಿ. 18 ತುಂಬದವರಿಗೆ ದಿನಕ್ಕೆ 3 ಗಂಟೆ ಮಿತಿ ಇಟ್ಟೇ 2023ರಲ್ಲಿ ಈ ಆಟ ವಾಪಸ್ ಬಂದಿದ್ದು. ಅಪ್ಪನ ನಂಬರ್ ಹಾಕಿ ಅದನ್ನು ದಾಟುವ ಕೆಲಸ ಮಾಡಬೇಡಿ. ಒಬ್ಬ ಹುಡುಗನ ತಾಯಿ ಸೀದಾ ನನ್ನ ಅಂಗಡಿಗೇ ಬಂದು, "ಇದರಾಗ ಏನ್ ಅದ್ರಿ ಅಂಥಾದ್ದು? ಊಟಕ್ಕ ಕರದ್ರ ಏಳಂಗಿಲ್ಲ" ಅಂತ ಕೇಳಿದರು. ಕೂರಿಸಿ, ಚಹಾ ತರಿಸಿ, ಒಂದು ಮ್ಯಾಚ್ ತೋರಿಸಿದೆ. ಪೂರ್ತಿ ನೋಡಿ, "ಮತ್ತ ನಡುವ ನಿಲ್ಲಿಸ್ಲಾಕ ಬರಂಗಿಲ್ಲೇನು?" ಅಂದರು. ಬರಲ್ಲ, ಅರ್ಧ ಗಂಟೆ ಬೇಕಾಗುತ್ತದೆ ಅಂದೆ. ಅವತ್ತಿನಿಂದ ಅವರ ಮನೆಯಲ್ಲಿ ಊಟ ಎಂಟೂವರೆಗೆ, ಆಟ ಒಂಬತ್ತಕ್ಕೆ. ಮಾರ್ಚ್ ಪರೀಕ್ಷೆಗೆ ಅವನು ಎರಡು ತಿಂಗಳು ಬರಲ್ಲ ಅಂತ ಈಗಲೇ ಲೆಕ್ಕ ಹಾಕಿ ಐದನೆಯವನೊಬ್ಬನನ್ನು ಜೊತೆಗೆ ಇಟ್ಟುಕೊಳ್ಳಿ, ಜಾಗ ಹೋಗುತ್ತದೆ ಅನ್ನುವ ಹೆದರಿಕೆ ಇಬ್ಬರಿಗೂ ಇರಬಾರದು.

ಗಂಟೆ ಲೆಕ್ಕ ಕೇಳಿದ್ದಿರಲ್ಲ. ಅರ್ಧ ಗಂಟೆ ಟ್ರೈನಿಂಗ್ ಗ್ರೌಂಡ್, ಮೂರು ಮ್ಯಾಚ್, ಹತ್ತು ನಿಮಿಷ ರೆಕಾರ್ಡಿಂಗ್. ಕೆಲಸ, ಕಾಲೇಜು ಇರುವವರಿಗೆ ಇದಕ್ಕಿಂತ ಜಾಸ್ತಿ ಆಗಲ್ಲ.

ಬಿಡ್ತೀನಿ ಅನ್ನುವ ಹುಡುಗನ ಫೋನ್ ಯಾವುದು, ಅವನು ಆಟದಲ್ಲಿ ಏನು ಮಾಡುತ್ತಾನೆ ಅಂತ ನೀವು ಬರೆದಿಲ್ಲ. ಕಮೆಂಟ್‌ನಲ್ಲಿ ಹಾಕಿ. ಆದರೆ ಅದಕ್ಕೂ ಮುಂಚೆ ಇವತ್ತಿನ ಮ್ಯಾಚ್ ರೆಕಾರ್ಡ್ ಮಾಡಿ, ಅವನ ದನಿ ಎಲ್ಲೆಲ್ಲಿ ಬರುತ್ತದೆ ಅಂತ ಒಮ್ಮೆ ಕೇಳಿ ನೋಡಿ.